ಬರ್ಮಿಂಗ್‌ಹ್ಯಾಮಿಗೆ ಬಂದ ದುಭಾಷಿ

1983ನೆಯ ಇಸವಿಯಲ್ಲಿ ಇಂಗ್ಲೆಂಡಿನ ‘2000 ಎಡಿ’ ಎಂಬ ವಾರಪತ್ರಿಕೆಯಲ್ಲಿ ‘ಸ್ಕಿಝ್’ ಎಂಬ ಚಿತ್ರಕಥೆಯೊಂದು ಧಾರಾವಾಹಿಯಾಗಿ ಪ್ರಕಟವಾಯಿತು. ಬರೆದವರು ಅಲನ್ ಮೂರ್, ಚಿತ್ರ ಬಿಡಿಸಿದವರು ಜಿಮ್ ಬೇಕಿ. ದೂರದ ನಕ್ಷತ್ರಲೋಕದ ಜೀವಿಯೊಂದು ದಾರಿ ತಪ್ಪಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬಂದು ಬೀಳುತ್ತದೆ. ರಾಕ್ಸಿ ಎಂಬ ಹದಿನೈದರ ಹುಡುಗಿ ಅದಕ್ಕೆ ಆಶ್ರಯ ಕೊಡುತ್ತಾಳೆ. ಸರಕಾರದವರು ಬೆನ್ನು ಹತ್ತುತ್ತಾರೆ. ಕಥೆಯ ಎಲುಬು ಇಷ್ಟೇ. ಸೊಲ್ಲಾಪುರದ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ನನ್ನಿಂದ ಸಂಪಾದಕರು ಶಾಲೆಯ ನೆನಪುಗಳನ್ನೋ ಸಿದ್ಧರಾಮನ ವಚನಗಳ ವಿಚಾರವನ್ನೋ ನಿರೀಕ್ಷಿಸಿರಬಹುದು. ಆದರೆ ಕಳೆದ ಬೇಸಿಗೆಯಿಂದ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿರುವುದು ಈ ಪರದೇಶದ ಚಿತ್ರಕಥೆ. ನಮ್ಮ ಮೇಳದಲ್ಲಿ ವರ್ಷ ವರ್ಷವೂ ನಾವು ಆಡುವ ಮಾತಿಗೆ ಇದು ದೂರದ್ದಲ್ಲವೆಂದು ನನಗೆ ಅನ್ನಿಸಿದೆ.

ಪುಸ್ತಕ ನಮ್ಮ ಮನೆಗೆ ಬಂದದ್ದು ಹೀಗೆ. ನನ್ನ ಕಿರಿಯ ಮಗ ನೌಕರಿಯ ನಿಮಿತ್ತ ಎರಡು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿದ್ದ. ಹಿಂತಿರುಗುವಾಗ ತನ್ನ ಅಣ್ಣನ ಮಗಳಿಗೆಂದು ಹಳೆಯ ಪುಸ್ತಕದಂಗಡಿಯಿಂದ ಇದನ್ನು ತಂದ. ವಾರ ವಾರ ಬಂದ ಕಂತುಗಳನ್ನು ಒಟ್ಟುಗೂಡಿಸಿದ ಪ್ರತಿ ಅದು. ಆ ಊರಿನ ಕಥೆ ಎಂಬುದಷ್ಟೇ ಅವನ ಆಯ್ಕೆಗೆ ಕಾರಣ. ಮೊಮ್ಮಗಳು ಪುಣೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವಳು, ರಾಕ್ಸಿಯಷ್ಟೇ ವಯಸ್ಸಿನವಳು. ಬೇಸಿಗೆ ಸೂಟಿಗೆ ಸೊಲ್ಲಾಪುರಕ್ಕೆ ಬಂದವಳು ಒಂದೇ ಮಧ್ಯಾಹ್ನದಲ್ಲಿ ಅದನ್ನು ಓದಿ ಮುಗಿಸಿದಳು. ನನಗೆ ಐದು ದಿನ ಹಿಡಿಯಿತು. ಮಾತಿನ ಗುಳ್ಳೆಗಳೊಳಗಿನ ಅಕ್ಷರ ಸಣ್ಣದು, ನನ್ನ ಕನ್ನಡಕ ಹಳೆಯದು. ಚಿತ್ರ ನೋಡುವವರು ಓದುಗರಲ್ಲ ಎಂದು ನಮ್ಮ ಶಾಲೆಯಲ್ಲಿ ಕೆಲವು ಗುರುಗಳು ಹೇಳುತ್ತಿದ್ದರು. ಚಂದಮಾಮದ ಚಿತ್ರಗಳ ಬಲದಿಂದಲೇ ಅಕ್ಷರ ಕೂಡಿಸಲು ಕಲಿತ ನಾನು ಆ ಮಾತನ್ನು ಎಂದೂ ಒಪ್ಪಿದವಳಲ್ಲ.

ಈ ಕಥೆಯ ಜೀವಿ ಯೋಧನಲ್ಲ, ವಿಜ್ಞಾನಿಯೂ ಅಲ್ಲ. ಟೌ ಸೆಟಿ ನಕ್ಷತ್ರದ ಸಾಮ್ರಾಜ್ಯದಲ್ಲಿ ಅದರ ಹುದ್ದೆ ದುಭಾಷಿಯದು. ಓದುತ್ತಿದ್ದ ನಾನು ಈ ಮಾತಿನಲ್ಲಿ ನಿಂತೆ. ಅನ್ಯಲೋಕದ ಅತಿಥಿಗಳ ಕಥೆಗಳಲ್ಲಿ ಅವರು ಸಾಮಾನ್ಯವಾಗಿ ಸೇನಾಪತಿಗಳು, ಸಂಶೋಧಕರು, ಇಲ್ಲವೆ ಮಂತ್ರಶಕ್ತಿಯುಳ್ಳವರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವುದೇ ಕಸುಬಾದವರನ್ನು ಕಥಾನಾಯಕರನ್ನಾಗಿ ಮಾಡುವವರು ಅಪರೂಪ. ನೌಕೆ ಕೆಟ್ಟು ಭೂಮಿಗೆ ಬೀಳುತ್ತದೆ. ಹಿಂದುಳಿದ ಲೋಕದವರ ಕೈಗೆ ತಮ್ಮ ತಂತ್ರಜ್ಞಾನ ಸಿಗಬಾರದೆಂಬ ನಿಯಮದಂತೆ ಅದು ತನ್ನನ್ನು ತಾನೇ ನಾಶಮಾಡಿಕೊಳ್ಳುತ್ತದೆ. ಉಳಿಯುವುದು ಬರಿಗೈಯ ದುಭಾಷಿ ಮಾತ್ರ. ಅದಕ್ಕೆ ಎಷ್ಟೋ ಭಾಷೆ ಬಂದಿರಬಹುದು, ಇಲ್ಲಿಯ ಭಾಷೆಯೊಂದು ಬಾರದು. ಭಾಷೆಯೇ ಅನ್ನವಾದವನು ಮೂಕನಾಗುವುದು ಎಂಥ ಸಂಕಟವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ದುಭಾಷಿ ಎಂಬ ಶಬ್ದ ಮರಾಠಿಯಲ್ಲಿಯೂ ಅದೇ. ಕಚೇರಿ, ದವಾಖಾನೆ, ಪೇಟೆ ಎಂದು ಹಿರಿಯರ ಜೊತೆಗೆ ಹೋಗಿ ಆ ಕೆಲಸವನ್ನು ಸಂಬಳವಿಲ್ಲದೆ ಮಾಡದ ಮಗು ನಮ್ಮ ಓಣಿಗಳಲ್ಲಿ ಸಿಗುವುದು ಕಷ್ಟ.

ಆ ಜೀವಿಯ ನಿಜವಾದ ಹೆಸರು ಸ್ಕಿಝ್ ಅಲ್ಲ. ಅದರ ಹೆಸರಿನಲ್ಲಿ ಸ್ವರವೇ ಇಲ್ಲ. ಕನ್ನಡದಲ್ಲಿ ಬರೆದರೆ ‘ಝ್ಚ್ಚ್‌ಝ್’ ಎಂದೇನೋ ಆದೀತು. ರಾಕ್ಸಿಯ ಕಿವಿಗೆ ಅದು ಸ್ಕಿಝ್ ಎಂದು ಕೇಳಿತು, ಹಾಗೆಯೇ ಕರೆದಳು, ಅದು ಹಾಗೆಯೇ ಓಗೊಟ್ಟಿತು. ಈ ಹೆಸರನ್ನು ಉಚ್ಚರಿಸಲು ನಾನು ಪಟ್ಟ ಪಾಡನ್ನು ಕಂಡು ಮೊಮ್ಮಗಳು ನಕ್ಕಳು. ಅವಳಿಗದು ನನಗಿಂತ ಚೆನ್ನಾಗಿ ಬಂದಿತು. ಮರಾಠಿಯ ಝಾಡ, ಚೋರ ಎಂಬ ಶಬ್ದಗಳಲ್ಲಿ ಹಲ್ಲಿನ ಹಿಂದೆ ಹುಟ್ಟುವ ಧ್ವನಿ ಇದೆಯಲ್ಲ, ಅದು ಅವಳ ನಾಲಿಗೆಗೆ ಹುಟ್ಟಿನಿಂದ ಸಿಕ್ಕಿದ್ದು. ಹೆಸರು ಬದಲಾಗುವುದು ನಮಗೇನು ಹೊಸದೆ? ಸೊನ್ನಲಿಗೆ ಸೊಲ್ಲಾಪುರವಾಯಿತು, ಸೊಲ್ಲಾಪುರ ಸೋಲಾಪೂರವಾಯಿತು. ನಾವು ಅಕ್ಕಲಕೋಟೆ ಎನ್ನುತ್ತೇವೆ, ಪಕ್ಕದ ಮನೆಯವರು ಅಕ್ಕಲಕೋಟ ಎನ್ನುತ್ತಾರೆ. ಬಸ್ಸು ಇಬ್ಬರನ್ನೂ ಒಂದೇ ನಿಲ್ದಾಣದಲ್ಲಿ ಇಳಿಸುತ್ತದೆ. ನಾನು ಮೊಮ್ಮಗಳಿಗೆ ಆಯಿ, ಅವಳ ಗೆಳತಿಯರಿಗೆ ಆಯಿ ಎಂದರೆ ತಾಯಿ. ಅವರು ಫೋನಿನಲ್ಲಿ ನನ್ನ ದನಿ ಕೇಳಿ, ಇವಳ ತಾಯಿಗೆ ಇಷ್ಟು ವಯಸ್ಸೇ ಎಂದು ಬೆರಗಾಗಿದ್ದುಂಟು.

ಹಿರಿಯ ಓದುಗರಿಗೆ ಈ ಕಥೆ ಕೇಳಿದಂತಿದೆ ಅನ್ನಿಸಬಹುದು. 1982ರಲ್ಲಿ ಬಂದ ‘ಇ.ಟಿ.’ ಚಲನಚಿತ್ರ ಲೋಕವನ್ನೆಲ್ಲ ಸೆಳೆದ ಕಾಲ ಅದು, ಅಂಥದೊಂದು ಕಥೆ ತಮಗೂ ಬೇಕೆಂದು ಪತ್ರಿಕೆಯವರು ಬಯಸಿದ್ದರಿಂದಲೇ ‘ಸ್ಕಿಝ್’ ಹುಟ್ಟಿತು. ಆದರೆ ಬೇರು ಇನ್ನೂ ಹಿಂದೆ ಹೋಗುತ್ತದೆ, ಅದೂ ನಮ್ಮ ದೇಶಕ್ಕೆ. ಸತ್ಯಜಿತ್ ರಾಯ್ 1962ರಲ್ಲಿ ‘ಸಂದೇಶ್’ ಎಂಬ ಬಂಗಾಲಿ ಮಕ್ಕಳ ಪತ್ರಿಕೆಯಲ್ಲಿ ‘ಬಂಕುಬಾಬುರ್ ಬಂಧು’ ಎಂಬ ಕಥೆ ಬರೆದರು. ಅಲ್ಲಿಯ ನಾಯಕ ನನ್ನ ಜಾತಿಯವನು, ಅಂದರೆ ಹಳ್ಳಿಯ ಶಾಲಾ ಮಾಸ್ತರ. ಊರಿನ ಹರಟೆಕಟ್ಟೆಯವರೆಲ್ಲ ಅವನನ್ನು ಗೇಲಿಮಾಡುತ್ತಾರೆ; ಒಂದು ರಾತ್ರಿ ಬಿದಿರುಮೆಳೆಯಲ್ಲಿ ಅವನಿಗೆ ಅನ್ಯಲೋಕದ ಗೆಳೆಯನೊಬ್ಬ ಸಿಗುತ್ತಾನೆ. 1967ರಲ್ಲಿ ರಾಯ್ ‘ದಿ ಏಲಿಯನ್’ ಎಂಬ ಚಿತ್ರಕಥೆಯನ್ನೂ ಬರೆದರು. ಕಮಲದ ಕೊಳಕ್ಕೆ ಇಳಿದ ಜೀವಿಗೆ ಅಲ್ಲಿ ಹಾಬಾ ಎಂಬ ಬಡ ಹುಡುಗ ಗೆಳೆಯನಾಗುತ್ತಾನೆ. ಹಾಲಿವುಡ್ಡಿನ ಕೈ ಸೇರಿಯೂ ಅದು ಚಲನಚಿತ್ರವಾಗಲಿಲ್ಲ. ಅದರ ನಕಲು ಪ್ರತಿಗಳು ಅಮೆರಿಕದಲ್ಲಿ ಹರಿದಾಡಿರದಿದ್ದರೆ ‘ಇ.ಟಿ.’ ಹುಟ್ಟುತ್ತಿರಲಿಲ್ಲವೆಂಬುದು ರಾಯ್ ಅವರ ಅಭಿಪ್ರಾಯವಾಗಿತ್ತು, ಸ್ಪಿಲ್‌ಬರ್ಗ್ ಅದನ್ನು ಅಲ್ಲಗಳೆದರು. ಆ ವಾದ ನನಗೆ ಮುಖ್ಯವಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೊಂದು. ಬಂಕುಬಾಬುವಿನ ಗೆಳೆಯನಿಗೆ ಹದಿನಾಲ್ಕು ಸಾವಿರ ಭಾಷೆಗಳು ಬರುತ್ತವೆ. ಬಂಗಾಲಿಯಲ್ಲಿಯೂ ಮಾತಿಗಿಳಿಯುತ್ತಾನೆ. ಕಥೆಗೆ ಅದು ಚೆಂದ. ಸ್ಕಿಝ್‌ಗೆ ಆ ವರವಿಲ್ಲ. ಒಂದೊಂದೇ ಶಬ್ದವನ್ನು ಕೇಳಿ, ತಪ್ಪಿ, ಮತ್ತೆ ಕೇಳಿ ಕಲಿಯಬೇಕು. ಕಲಿಸುವವಳಿಗೂ ತಾಳ್ಮೆ ಬೇಕು. ಜೀವನವೆಲ್ಲ ಒಂದನೆಯ ಇಯತ್ತೆಗೆ ಅಕ್ಷರ ತಿದ್ದಿಸಿದ ನನಗೆ ಎರಡನೆಯದೇ ಹೆಚ್ಚು ಹತ್ತಿರ.

ಇಲ್ಲಿ ನಮ್ಮ ಮನೆಯ ಸಂಗತಿಯೊಂದನ್ನು ಹೇಳಬೇಕು. ಈ ಹುಡುಗಿ ಮೂರು-ನಾಲ್ಕು ವರ್ಷದವಳಿದ್ದಾಗ ಕನ್ನಡ ಬಿಟ್ಟು ಬೇರೆ ಮಾತನಾಡುತ್ತಿರಲಿಲ್ಲ. ಶಾಲೆಗೆ ಸೇರಿದ ಮೇಲೆ ಮರಾಠಿ, ಇಂಗ್ಲಿಷು ಬಂದವು. ಕನ್ನಡ ಮನೆಯೊಳಗಿನ ನಾಲ್ಕು ಮಾತಿಗೆ ಇಳಿಯಿತು. ಹನ್ನೆರಡು-ಹದಿಮೂರರ ಹೊತ್ತಿಗೆ ಅವಳ ಕನ್ನಡದಲ್ಲಿ ಮರಾಠಿಯ ವ್ಯಾಕರಣ ಸೇರಿಕೊಂಡಿತ್ತು. ನಮ್ಮ ಬಳಗದ ಮದುವೆಯೊಂದರಲ್ಲಿ ಎಲ್ಲರೂ ವಾಹನಕ್ಕೆ ಕಾಯುತ್ತಿದ್ದಾಗ ಅವಳು ಓಡಿಬಂದು, “ಬಸ್ಸ ಬಂದ್ಳು!” ಎಂದು ಕೂಗಿದಳು. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ. ಹಿರಿಯರೊಬ್ಬರು ಅವಳನ್ನು ನಡುವೆ ನಿಲ್ಲಿಸಿ ಆ ಮಾತನ್ನು ಮೂರು ಸಲ ಹೇಳಿಸಿದರು. ನೆರೆದವರು ನಕ್ಕರು. ಕನ್ನಡದ ಅಭಿಮಾನಕ್ಕೆ ನಮ್ಮ ಬಳಗದಲ್ಲಿ ಹೆಸರಾದವರು ಅವರು. ಅಂದಿನಿಂದ ಎರಡು ವರ್ಷ ಆ ಹುಡುಗಿ ಹಿರಿಯರ ಎದುರು ಕನ್ನಡದಲ್ಲಿ ತುಟಿ ತೆರೆಯಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವಳು. ಕೆಟ್ಟ ಹುಡುಗಿಯಲ್ಲ, ಹಟಮಾರಿಯೂ ಅಲ್ಲ. ನಾಲಿಗೆಗೆ ಒಮ್ಮೆ ಬರೆ ಬಿದ್ದರೆ ಮಾಯಲು ಸಮಯ ಬೇಕು.

ಇಂಥವಳು ಬೇಸಿಗೆಯ ಒಂದು ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದ್ದಾಗ, “ಆಯೀ, ಸ್ಕಿಝ್ ಕನ್ನಡದಾಗ ಹೆಂಗ ಮಾತಾಡ್ತಾನ?” ಎಂದು ಕೇಳಿದಳು. ಪ್ರಶ್ನೆ ಕನ್ನಡದಲ್ಲಿತ್ತು. ನಾನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಬೆಳಗಾದ ಮೇಲೆ ಇಬ್ಬರೂ ಕೂಡಿ ಮೊದಲ ಪುಟ ಹಿಡಿದೆವು. ಅವಳು ಇಂಗ್ಲಿಷಿನ ಅರ್ಥ ಹೇಳುವುದು, ನಾನು ಕನ್ನಡ ಕಟ್ಟುವುದು, ಅವಳು ಅದನ್ನು ಗಟ್ಟಿಯಾಗಿ ಹೇಳಿ ನೋಡುವುದು. ರಾಕ್ಸಿ ನನ್ನಂತೆ ಮಾತನಾಡಿದರೆ ಮುದುಕಿಯಂತೆ ಕೇಳುತ್ತದೆ ಎಂದು ಆಕ್ಷೇಪಿಸಿ ತಾನೇ ತಿದ್ದುವಳು. ಅವಳ ತಿದ್ದುಪಡಿಯಲ್ಲಿ ಅರ್ಧ ಮರಾಠಿ ಇರುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಹುಡುಗಿಯ ಇಂಗ್ಲಿಷೂ ಪಠ್ಯಪುಸ್ತಕದ್ದಲ್ಲವಲ್ಲ, ಇರಲಿ ಎಂದೆ.

ಮೊದಲ ದಿನವೇ ಒಂದು ತೊಡಕು ಎದುರಾಯಿತು. ಸ್ಕಿಝ್ ‘ಅದು’ವೋ ‘ಅವನು’ವೋ? ಕನ್ನಡದಲ್ಲಿ ಲಿಂಗವೆಂಬುದು ಅರ್ಥವನ್ನು ಅನುಸರಿಸಿ ನಡೆಯುವಂಥದು. ಮನುಷ್ಯರಿಗೆ ಮತ್ತು ದೇವತೆಗಳಿಗೆ ಅವನು, ಅವಳು. ಮಿಕ್ಕ ಸಮಸ್ತ ಚರಾಚರಗಳಿಗೆ ಅದು. ಎತ್ತು ಎಷ್ಟೇ ಪ್ರೀತಿಯದಾದರೂ ಬಂದಿತು, ಹೋಯಿತು. ಮರಾಠಿಯಲ್ಲಿ ಹಾಗಿಲ್ಲ. ಬಸ್ಸು ಬರುವವಳು, ಚಹಾ ಆಗುವವನು, ಪುಸ್ತಕ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅಲ್ಲಿ ಲಿಂಗ ಶಬ್ದದ ಮೈಮೇಲಿನ ಗುರುತು. ಅದಕ್ಕೂ ವ್ಯಕ್ತಿತ್ವಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಾದರೋ ‘ಅದು’ ಎಂದ ಕೂಡಲೆ ನಾವೊಂದು ತೀರ್ಪು ಕೊಟ್ಟಂತೆ. ಎದುರಿಗಿರುವುದು ನಮ್ಮಂಥ ವ್ಯಕ್ತಿಯೋ ಅಲ್ಲವೋ ಎಂದು ನಮ್ಮ ಕ್ರಿಯಾಪದ ಪ್ರತಿ ವಾಕ್ಯದ ಕೊನೆಗೂ ಸಹಿ ಹಾಕುತ್ತದೆ. ಮಕ್ಕಳಿಗೆ ಇಷ್ಟು ವರ್ಷ ಈ ಪಾಠ ಹೇಳಿದ್ದೇನೆ. ಅದರೊಳಗೆ ಇಂಥದೊಂದು ಪ್ರಶ್ನೆ ಅಡಗಿದೆ ಎಂಬುದು ಅನ್ಯಲೋಕದ ಜೀವಿ ಮನೆಗೆ ಬಂದಾಗಲೇ ಕಂಡದ್ದು.

“ಅಂವ ಅನ್ನು ಆಯೀ,” ಎಂದಳು ಮೊಮ್ಮಗಳು, “ಮೊದಲನೇ ಪಾನದಿಂದನ ಅಂವ ವಿಚಾರ ಮಾಡಾಕತ್ತಾನ.” ಅವಳ ಮಾತಿನಲ್ಲಿ ನ್ಯಾಯವಿತ್ತು. ಕಥೆ ಆರಂಭವಾಗುವುದೇ ಆ ದುಭಾಷಿಯ ಕಣ್ಣಿನಿಂದ. ನಮ್ಮ ಲೋಕವೇ ಅವನಿಗೆ ವಿಚಿತ್ರ, ನಾವೇ ಅವನಿಗೆ ಭಯಂಕರ. ಆದ್ದರಿಂದ ಕಥೆ ಹೇಳುವ ದನಿಯಲ್ಲಿ ಮೊದಲಿನಿಂದಲೂ ‘ಅವನು’ ಎಂದೇ ಇರಲಿ ಎಂದು ಒಪ್ಪಿದೆವು. ಈ ಲೇಖನದ ಆರಂಭದಲ್ಲಿ ನಾನು ‘ಅದು’ ಎಂದು ಬರೆಯುತ್ತ ಬಂದದ್ದು ಓದುಗರನ್ನು ಇಲ್ಲಿಯವರೆಗೆ ಕರೆತರುವುದಕ್ಕಾಗಿ. ಇನ್ನು ನನಗೂ ಅವನು ‘ಅವನೇ’.

ಆದರೆ ರಾಕ್ಸಿಯ ಬಾಯಲ್ಲಿ? ಕತ್ತಲಲ್ಲಿ ಮೊದಲ ಬಾರಿಗೆ ಅವನನ್ನು ಕಂಡ ಹುಡುಗಿ, ‘ಇವನು ಯಾರು’ ಎನ್ನುವುದಿಲ್ಲ, ‘ಇದೇನು’ ಎನ್ನುತ್ತಾಳೆ. ನೋಡಿದರೆ ಕಾಂಗರೂ ನೆನಪಾಗುವಂಥ ಮೈಕಟ್ಟು ಅವನದು. ಹಾಗಾದರೆ ಯಾವ ಪುಟದಲ್ಲಿ ‘ಅದು’ ‘ಅವನು’ ಆಗಬೇಕು? ಹೆಸರು ಕೊಟ್ಟಾಗಲೇ? ಮಾತು ಬಂದಾಗಲೇ? ಇದರ ಮೇಲೆ ನಾವು ಎರಡು ದಿನ ಚರ್ಚಿಸಿದೆವು. ನಮ್ಮ ಭಾಷೆಯಲ್ಲಿ ಹಸುಗೂಸೂ ‘ಅದೇ’ ಎಂಬುದು ಆಗ ನನ್ನ ನೆನಪಿಗೆ ಬಂದಿತು. ಕೂಸು ಅತ್ತಿತು, ಕೂಸು ಮಲಗಿತು. ತಾಯಿ ತನ್ನ ಮಗುವನ್ನು ‘ಅದಕ್ಕೆ ಹಸಿವಾಗೇದ’ ಎಂದರೆ ಅದರಲ್ಲಿ ತಿರಸ್ಕಾರವಿಲ್ಲ. ಆದ್ದರಿಂದ ರಾಕ್ಸಿಯ ‘ಅದು’ ಕೂಸಿನ ‘ಅದು’ ಆಗಿರಲಿ. ಅವನು ತನ್ನ ಹೆಸರನ್ನು ಹೇಳಲು ಯತ್ನಿಸಿ ಅವಳು ಅದನ್ನು ಸ್ಕಿಝ್ ಎಂದು ಕೇಳಿದ ಕ್ಷಣದಿಂದ ‘ಅವನು’ ಆಗಲಿ ಎಂದು ತೀರ್ಮಾನಿಸಿದೆವು. ಹೆಸರಿನ ಉಚ್ಚಾರ ತಪ್ಪಾಗಿದ್ದರೂ ಅಡ್ಡಿಯಿಲ್ಲ.

ಅಧಿಕಾರಿ ವಾನ್ ಓವೆನ್‌ನ ವಿಷಯದಲ್ಲಿ ಚರ್ಚೆಯೇ ಆಗಲಿಲ್ಲ. ಅವನ ಬಾಯಲ್ಲಿ ಕೊನೆಯವರೆಗೂ ‘ಅದು’. ದಕ್ಷಿಣ ಆಫ್ರಿಕಾದ ಮೂಲದವನಾದ ಈ ಮನುಷ್ಯ ಸ್ಕಿಝ್‌ನನ್ನು ಹಿಡಿದು ಪ್ರಶ್ನೆಗೆ ಗುರಿಮಾಡುತ್ತಾನೆ. ಬಂದವನು ದಾಳಿಯ ಮುಂಗಾವಲು ಎಂಬುದು ಅವನ ನಂಬಿಕೆ. 1983ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ನಡೆದಿತ್ತು, ಕರಿಯರು ತಮ್ಮ ದೇಶದಲ್ಲಿಯೇ ಪಾಸುಪುಸ್ತಕ ಹಿಡಿದು ತಿರುಗಬೇಕಾಗಿತ್ತು. ಪಾಸಿನ ಆ ಕಾನೂನು ಹೋದದ್ದು 1986ರಲ್ಲಿ. ಮೂರ್ ತನ್ನ ಖಳನನ್ನು ಆ ನಾಡಿನಿಂದ ತಂದದ್ದು ಸುಮ್ಮನೆ ಅಲ್ಲ. ಆದರೂ ನನ್ನ ಅಭಿಪ್ರಾಯದಲ್ಲಿ ಕಥೆಯ ಸಡಿಲ ಭಾಗ ಇದೇ. ವಾನ್ ಓವೆನ್ ಬರಿಯ ಕೇಡಿ, ಒಳಗೇನೂ ಇಲ್ಲ. ನಿಜವಾದ ಜೀವನದಲ್ಲಿ ನಮ್ಮನ್ನು ಬಾಯಿ ಮುಚ್ಚಿಸುವವರು ಇಷ್ಟು ಸುಲಭವಾಗಿ ಗುರುತು ಸಿಗುವುದಿಲ್ಲ. ಬಹಳ ಸಲ ಅವರು ಮದುವೆಗೆ ಬಂದ ಸ್ವಂತ ಬಳಗದವರೇ ಆಗಿರುತ್ತಾರೆ, ಬೇರೆ ದಿನ ಬಹಳ ಒಳ್ಳೆಯವರೇ ಆಗಿರುತ್ತಾರೆ.

ಈ ಪುಸ್ತಕವನ್ನು ನಾನು ಮೆಚ್ಚಿದ್ದಕ್ಕೆ ಇನ್ನೊಂದು ಕಾರಣ ಕಾರ್ನೀಲಿಯಸ್. ರಾಕ್ಸಿಗೆ ನೆರವಾಗುವವರು ವಿಜ್ಞಾನಿಗಳಲ್ಲ, ಪೊಲೀಸರೂ ಅಲ್ಲ. ಲೊಝ್ ಎಂಬ ಒಬ್ಬ ಗೆಳೆಯ, ಮತ್ತು ಕೆಲಸ ಕಳೆದುಕೊಂಡ ಈ ಕಾರ್ನೀಲಿಯಸ್. ಪೈಪುಗಳನ್ನು ಜೋಡಿಸುವುದು ಅವನ ಕಸುಬು. ಬರ್ಮಿಂಗ್‌ಹ್ಯಾಮ್ ಎಂದರೆ ಸಾವಿರ ಕಸುಬುಗಳ ಊರೆಂದು ಹೆಸರಾದದ್ದು. ಜೇಮ್ಸ್ ವಾಟ್ ಮತ್ತು ಬೋಲ್ಟನ್ ಕೂಡಿ ಉಗಿಯಂತ್ರ ಮಾಡಿದ್ದು ಅಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ಅಂಥ ಊರಿನ ಕಾರಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು. 1982ರ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಲೆಕ್ಕ 30 ಲಕ್ಷ ದಾಟಿತ್ತು. ಅದೇ ವರ್ಷ ಅಲನ್ ಬ್ಲೀಸ್‌ಡೇಲ್ ಲಿವರ್‌ಪೂಲಿನ ಕೆಲಸಗೇಡಿ ಗಂಡಸರ ಮೇಲೆ ಬರೆದ ದೂರದರ್ಶನ ನಾಟಕಮಾಲೆ ಆ ದೇಶವನ್ನು ಕಲಕಿತ್ತು. ಅದರ ಋಣ ತನ್ನ ಕಥೆಯ ಮೇಲೆ ಅತಿಯಾಯಿತೆಂದು ಮೂರ್ ಆಮೇಲೆ ಹೇಳಿಕೊಂಡದ್ದುಂಟು. ಇರಬಹುದು. ಲಿವರ್‌ಪೂಲಿನ ನಾಟಕ ನೋಡದ ನನಗೆ ಕಾರ್ನೀಲಿಯಸ್ ಸೀದಾ ಸೊಲ್ಲಾಪುರದಿಂದ ಬಂದವನಾಗಿ ಕಂಡ.

ನಮ್ಮ ತಂದೆ ಇಲ್ಲಿಯ ಬಟ್ಟೆ ಗಿರಣಿಯೊಂದರಲ್ಲಿ ನೇಯ್ಗೆ ಖಾತೆಯಲ್ಲಿದ್ದರು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಆ ಗಿರಣಿ ನಿಂತಿತು. ಬೆಳಗಿನ ಭೋಂಗಾ ನಿಂತದ್ದು ಊರಿಗೆಲ್ಲ ತಿಳಿಯಿತು. ಮನೆಯೊಳಗೆ ಏನು ನಿಂತಿತೆಂಬುದು ಆಯಾ ಮನೆಗೆ ಮಾತ್ರ. ಅವ್ವ ಬೀಡಿ ಕಟ್ಟತೊಡಗಿದಳು. ನಮ್ಮ ಓಣಿಯಲ್ಲಿ ಅದು ಹೆಂಗಸರ ಕೆಲಸ. ಹಗಲಿನಲ್ಲಿ ತಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಹೋಗುವರು; ಎಲ್ಲಿಗೆಂದು ಯಾರೂ ಕೇಳುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಬಾಗಿಲಿಗೆ ಅಗುಳಿ ಹಾಕಿ, ಕಿಡಕಿಗೆ ಚಾದರ ಇಳಿಬಿಟ್ಟು, ದೀಪದ ಬುಡದಲ್ಲಿ ಕುಳಿತು ತಗಡಿನ ಅಳತೆಯಿಟ್ಟು ಎಲೆ ಕತ್ತರಿಸುವರು. ಅವ್ವ ಮರುದಿನ ಸಾವಿರ ಬೀಡಿ ಕಟ್ಟಬೇಕಾದರೆ ಅಷ್ಟು ಎಲೆ ಸಿದ್ಧವಿರಬೇಕು. ಅವರ ಕತ್ತರಿ ತಪ್ಪುತ್ತಿರಲಿಲ್ಲ. ಮಗ್ಗದ ಮುಂದೆ ಇಪ್ಪತ್ತು ವರ್ಷ ಪಳಗಿದ ಕೈ ಅದು. ಒಮ್ಮೆ ಯಾರೋ ಬಾಗಿಲು ಬಡಿದಾಗ ಮಡಿಲಲ್ಲಿದ್ದ ಎಲೆಗಳನ್ನು ನನ್ನ ಮಡಿಲಿಗೆ ಹಾಕಿ ಎದ್ದು ನಿಂತರು. ನಾನು ಕತ್ತರಿ ಹಿಡಿದು ಕುಳಿತೆ. ಬಂದವರು ಹೋದ ಮೇಲೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾರ್ನೀಲಿಯಸ್ ಹೆಚ್ಚು ಮಾತಿನವನಲ್ಲ. ಏನೆಲ್ಲ ಹೋದರೂ ತನ್ನಲ್ಲಿ ಒಂದು ಉಳಿದಿದೆ ಎಂಬರ್ಥದ ಮಾತನ್ನು ಮತ್ತೆ ಮತ್ತೆ ಆಡುತ್ತಾನೆ. ಆ ಒಂದು ಯಾವುದು? ಇಂಗ್ಲಿಷಿನಲ್ಲಿ ಅದು ಒಂದೇ ಶಬ್ದ, ಹೆಮ್ಮೆಯೂ ಅದೇ, ಸೊಕ್ಕೂ ಅದೇ. ಕನ್ನಡಿಸುವಾಗ ನಾನು ಮೊದಲು ‘ಅಭಿಮಾನ’ ಎಂದೆ. ಈಗಿನ ಕನ್ನಡದಲ್ಲಿ ಅಭಿಮಾನಿ ಎಂದರೆ ಸಿನೆಮಾ ನಟನ ಹಿಂದೆ ಹೋಗುವವನು, ಸರಿಹೋಗಲಿಲ್ಲ. ‘ಸ್ವಾಭಿಮಾನ’ ಭಾಷಣದ ಶಬ್ದ, ಕೆಲಸವಿಲ್ಲದವನು ತನ್ನ ಬಗ್ಗೆ ಹಾಗೆ ಹೇಳಿಕೊಳ್ಳಲಾರ. ‘ಮರ್ಯಾದೆ’ ಇತರರು ಕೊಡುವಂಥದು. ಕೊನೆಗೆ ‘ಮಾನ’ ಎಂದು ಇಟ್ಟೆ. ಮೊಮ್ಮಗಳು ಕಿಸಕ್ಕನೆ ನಕ್ಕಳು. ಮರಾಠಿಯಲ್ಲಿ ಮಾನ ಎಂದರೆ ಗೌರವವೂ ಹೌದು, ಕುತ್ತಿಗೆಯೂ ಹೌದು. ಅಷ್ಟು ದೊಡ್ಡ ಸಂಕಟದ ನಡುವೆ ಈ ಮನುಷ್ಯ ‘ನನಗೂ ಕುತ್ತಿಗೆ ಇದೆ’ ಎಂದಂತಾಯಿತಲ್ಲ! ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ನಗು ನಿಂತ ಮೇಲೆ ಅವಳೇ ಹೇಳಿದಳು: ‘ಮಾನ ತಾಠ’ ಎನ್ನುತ್ತಾರಲ್ಲ, ಕುತ್ತಿಗೆ ನೆಟ್ಟಗಿಟ್ಟು ನಡೆಯುವುದು, ಅದೂ ಇದೂ ಒಂದೇ ಅಲ್ಲವೇ ಆಯೀ? ಆ ಶಬ್ದವನ್ನೇ ಉಳಿಸಿದೆವು. ತಂದೆಯ ಕತ್ತರಿಯ ಸಂಗತಿಯನ್ನು ಅಂದು ಅವಳಿಗೆ ಹೇಳಿದೆ. ನನ್ನ ಮಕ್ಕಳಿಗೂ ಅದುವರೆಗೆ ಹೇಳಿರಲಿಲ್ಲ.

ನಮ್ಮ ಮೇಳಗಳ ವೇದಿಕೆಯಲ್ಲಿ ಗಡಿಯಾಚೆಯ ಕನ್ನಡಿಗರನ್ನು ತಬ್ಬಲಿಗಳೆಂದು, ಪರದೇಶದಲ್ಲಿ ಸಿಕ್ಕಿಬಿದ್ದವರೆಂದು ಬಣ್ಣಿಸುವ ರೂಢಿಯಿದೆ. ಆ ಲೆಕ್ಕದಲ್ಲಿ ಈ ಕಥೆಯ ಸ್ಕಿಝ್ ನಾವೇ ಎಂದು ಯಾರಾದರೂ ಹೇಳಿಯಾರು. ನನಗೆ ಅದು ಒಪ್ಪಿಗೆಯಿಲ್ಲ. ನಾವು ಇಲ್ಲಿ ಆಕಾಶದಿಂದ ಬಿದ್ದವರಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಇಲ್ಲಿ ಕೆರೆ ಕಟ್ಟಿಸುವಾಗ ಮಣ್ಣು ಹೊತ್ತವರು ಆಡಿದ ಮಾತು ನಮ್ಮದು. ಆಮೇಲೆ ಗಿರಣಿಗೆಂದು, ಮಗ್ಗಕ್ಕೆಂದು ತೆಲುಗಿನವರು ಬಂದರು, ಉರ್ದು, ಮರಾಠಿ ಎಲ್ಲವೂ ಒಂದೇ ನಲ್ಲಿಯ ಮುಂದೆ ಸಾಲು ನಿಂತವು. ಈ ಕಥೆಯಲ್ಲಿ ನಮ್ಮ ಪಾತ್ರ ರಾಕ್ಸಿಯದು, ಮನೆಯವರದು. ಬಾಗಿಲಲ್ಲಿ ನಿಂತು ತೊದಲುತ್ತಿರುವವರು ನಮ್ಮ ಮೊಮ್ಮಕ್ಕಳು. ಅವರು ಪುಣೆ, ಮುಂಬಯಿ, ಹೈದರಾಬಾದುಗಳಿಂದ ಸೂಟಿಗೆ ಬಂದು ಇಳಿಯುತ್ತಾರೆ. ಕನ್ನಡ ಅವರಿಗೆ ಬೇರೊಂದು ಗ್ರಹ. ಬಸ್ಸು ಬಂದಳು ಎನ್ನುತ್ತಾರೆ. ಬಂದವರನ್ನು ಕುಳ್ಳಿರಿಸಿ ನೀರು ಕೊಡುವ ಮೊದಲು ನಾವು ಅವರ ಪರೀಕ್ಷೆಗೆ ಕೂಡುತ್ತೇವೆ. ಸುಮ್ಮನೆ ಯೋಚಿಸಿ ನೋಡಿದರೆ, ಬಸ್ಸನ್ನೂ ‘ಅವಳು’ ಎನ್ನುವ ಹುಡುಗಿಗೆ ಸ್ಕಿಝ್‌ನನ್ನು ‘ಅವನು’ ಎನ್ನಲು ಕ್ಷಣವೂ ಬೇಕಾಗಲಿಲ್ಲ. ವ್ಯಾಕರಣ ಬಲ್ಲ ನನಗೆ ಎರಡು ದಿನದ ಚರ್ಚೆ ಬೇಕಾಯಿತು.

ಟೌ ಸೆಟಿ ಕಲ್ಪನೆಯ ನಕ್ಷತ್ರವಲ್ಲ. ತಿಮಿಂಗಿಲ ಎಂಬ ನಕ್ಷತ್ರಪುಂಜದಲ್ಲಿದೆ, ನಮ್ಮ ಸೂರ್ಯನ ಜಾತಿಯದೇ, ಸುಮಾರು 12 ಜ್ಯೋತಿರ್ವರ್ಷ ದೂರ. 1960ರಲ್ಲಿ ಫ್ರ್ಯಾಂಕ್ ಡ್ರೇಕ್ ಎಂಬ ವಿಜ್ಞಾನಿ ಅಮೆರಿಕದ ಗ್ರೀನ್ ಬ್ಯಾಂಕಿನಿಂದ ರೇಡಿಯೊ ದೂರದರ್ಶಕವನ್ನು ತಿರುಗಿಸಿ ಯಾರಾದರೂ ಮಾತನಾಡುತ್ತಿರುವರೇ ಎಂದು ಕಿವಿಗೊಟ್ಟ ಮೊದಲ ಎರಡು ನಕ್ಷತ್ರಗಳಲ್ಲಿ ಇದೂ ಒಂದು. ಏನೂ ಕೇಳಲಿಲ್ಲ. ಗಡ್ಡಾ ಜಾತ್ರೆಯ ಸಮಯಕ್ಕೆ, ಅಂದರೆ ಸಂಕ್ರಾಂತಿಯ ಸುಮಾರಿಗೆ, ಸಂಜೆ ಏಳೂವರೆಗೆ ನೈಋತ್ಯದ ಆಕಾಶದಲ್ಲಿ ಬರಿಗಣ್ಣಿಗೆ ಮಂದವಾಗಿ ಕಾಣುತ್ತದೆ. ಜಾತ್ರೆಯ ದೀಪಗಳಿಂದ ಸ್ವಲ್ಪ ದೂರ ಹೋಗಬೇಕು. ಕಳೆದ ಸಂಕ್ರಾಂತಿಗೆ ಮೊಮ್ಮಗಳು ಬಂದಾಗ ಊರ ಹೊರಗಿನ ಹೊಲದಲ್ಲಿ ನಿಂತು ಹುಡುಕಿದೆವು. ಅಂದು ನಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಅವಳು ಮೂರು ವರ್ಷದವಳು, ಕನ್ನಡ ಬಿಟ್ಟು ಬೇರೆ ಮಾತು ಬಾರದವಳು.

ಅನುವಾದ ಇನ್ನೂ ಅರ್ಧವೂ ಆಗಿಲ್ಲ. ಜಿಮ್ ಬೇಕಿ ತೊಂಬತ್ತರ ದಶಕದಲ್ಲಿ ತಾವೇ ಬರೆದು ಚಿತ್ರಿಸಿದ ಎರಡು ಮುಂದುವರಿಕೆಗಳಿವೆಯಂತೆ; ನಮಗೆ ಮೊದಲಿನದೇ ಸಾಕು. ಪುಣೆಗೆ ಹೋದ ಮೇಲೆ ಅವಳು ವಾರಕ್ಕೊಂದು ಪುಟ ಕಳಿಸುತ್ತಾಳೆ. ಮೊದಮೊದಲು ಕನ್ನಡವನ್ನು ದೇವನಾಗರಿಯಲ್ಲಿ ಬರೆದು ಕಳಿಸುತ್ತಿದ್ದಳು, ಆ ಲಿಪಿ ಅವಳಿಗೆ ಬರುತ್ತದೆ. ಈಗ ಕನ್ನಡ ಅಕ್ಷರ ಬೇಕೆಂದು ಅವಳೇ ಹಟ ಹಿಡಿದಿದ್ದಾಳೆ. ನಾನು ಅಂಕಲಿಪಿಯನ್ನು ಅ, ಆ ಇಂದ ಆರಂಭಿಸೋಣವೆಂದೆ. ಅವಳಿಗೆ ಅಷ್ಟು ಪುರುಸೊತ್ತಿಲ್ಲ, ಗುಳ್ಳೆಗಳೊಳಗೆ ತುಂಬಲು ಯಾವ ಅಕ್ಷರ ಬೇಕೋ ಅದನ್ನೇ ಮೊದಲು ಕಲಿಯುತ್ತಾಳಂತೆ. ಹೀಗಾಗಿ ನಮ್ಮ ಮಕ್ಕಳು ಝರಿಯ ಚಿತ್ರ ನೋಡಿ ಕಲಿತು ಮುಂದೆ ಅಪರೂಪಕ್ಕೆ ಬಳಸುವ ‘ಝ’ಕಾರವೇ ಅವಳ ಮೊದಲ ಕನ್ನಡ ಅಕ್ಷರವಾಯಿತು. ನಿನ್ನೆ ರಾತ್ರಿ ಫೋನ್ ಮಾಡಿ, ‘ಝ್’ಕ್ಕೆ ‘ಚ’ದ ಒತ್ತು ಎಲ್ಲಿ ಕೊಡುವುದು, ಅಡಿಯಲ್ಲೋ ಪಕ್ಕದಲ್ಲೋ ಎಂದು ಕೇಳಿದಳು.